ಚಂದ್ರ ನೋಡುವ ಕೋಣೆ

ನಮ್ಮ ಅತ್ತೆಯ ಸಿಟ್ಟು ಶುರುವಾದದ್ದು ಒಂದು ಸಿಹಿತಿಂಡಿಯ ಡಬ್ಬಿಯಿಂದ.

ನಾನು ಹಲ್ಲಿನ ದವಾಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ನೋವು ಹೋದ ಖುಷಿಗೆ ಹಲ್ಲಿನ ಡಾಕ್ಟರಿಗೇ ಸಿಹಿ ತಂದುಕೊಡುವ ಜನ ನಮ್ಮ ಊರಿನಲ್ಲಿದ್ದಾರೆ. ಆ ದಿನ ನನ್ನ ಪಾಲಿಗೆ ಬಂದದ್ದು ಮಂಜೂ ಎಂಬ, ಹೂರಣ ತುಂಬಿದ ಸಿಹಿ ಉಂಡೆ. ಮನೆಗೆ ತಂದು ಚಹಾದ ಜೊತೆ ಅತ್ತೆಯ ಮುಂದಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ಡಬ್ಬಿಯನ್ನು ಹತ್ತಿರ ಹಿಡಿದರು. ಹುಣ್ಣಿಮೆಯ ಚಂದ್ರ, ಅದಕ್ಕೆ ಮುಖ ಮಾಡಿ ಕೂತ ಹೆಂಗಸೊಬ್ಬಳ ಬೆನ್ನು, ಕೆಳಗೆ ಬಂಗಾರದ ಅಕ್ಷರದಲ್ಲಿ ‘ಸುಗಾದೇವಿಯ ಚಂದ್ರ’.

“ಸುಗಾ ಅಂದ್ರೆ ನಮ್ಮಮ್ಮ” ಎಂದರು. ಡಬ್ಬಿಯನ್ನು ನನ್ನ ಕಡೆ ತಿರುಗಿಸಿ, “ನಮ್ಮಮ್ಮನ ಹೆಸರನ್ನ ಹೂರಣಕ್ಕೆ ಇಟ್ಟಿದಾರೆ, ನೋಡು” ಎಂದರು.

ನನಗೆ ಕೂತಲ್ಲೇ ಮುಜುಗರವಾಯಿತು. ಅತ್ತೆ ಇತ್ಸುಎ ಹುಟ್ಟಿದ್ದು ಕುರಾಮೊಚಿಯವರ ಮನೆಯಲ್ಲಿ ಎಂದು ನನಗೆ ಗೊತ್ತಿತ್ತು. ಒಂದು ಕಾಲಕ್ಕೆ ನಮ್ಮ ಊರಿನ ಸರೋವರದ ಸುತ್ತಲಿನ ರೇಷ್ಮೆಯೆಲ್ಲ ಅವರ ಕೈ ಮೂಲಕವೇ ಹಾದು ಹೋಗುತ್ತಿತ್ತಂತೆ. ಗುಡ್ಡದ ಮೇಲೆ ಅವರು ಕಟ್ಟಿಸಿದ ಬಂಗಲೆಯ ಹೆಸರು ತ್ಸುಕಿನೊಯಾ, ಅಂದರೆ ಚಂದ್ರನ ಮನೆ. ಅದು ಕೈಯಿಂದ ಕೈಗೆ ಹೋಗಿ, ಕೊನೆಗೆ ಊರಿನ ಕಚೇರಿಯವರು ಕೊಂಡು, ರಿಪೇರಿ ಮಾಡಿಸಿ, ಆ ವರ್ಷ ವಸಂತದಲ್ಲಿ ಜನಕ್ಕೆ ತೆರೆದಿದ್ದರು. ರೈಲು ನಿಲ್ದಾಣದ ತುಂಬ ಅದರದೇ ಚಿತ್ರ. ಆದರೆ ಅತ್ತೆ ಮದುವೆಯಾಗಿ ಬಂದ ಮೇಲೆ ಆ ಗುಡ್ಡ ಹತ್ತಿದವರಲ್ಲ. ಕಾರಿನಲ್ಲಿ ಹೋಗುವಾಗಲೂ ಸರೋವರದ ಕಡೆಯ ರಸ್ತೆಯಲ್ಲೇ ಹೋಗು ಎನ್ನುತ್ತಿದ್ದರು. ಅವರ ತಾಯಿ ಸುಗಾ ನಾಗಾಓಕಾ ಪಟ್ಟಣದಲ್ಲಿ ಕಿಮೋನೋ ಹೊಲಿದುಕೊಂಡು ಬದುಕಿ ಸತ್ತರು ಎಂಬುದಷ್ಟೇ ನನಗೆ ತಿಳಿದಿದ್ದದ್ದು. ನಮ್ಮ ಮನೆಯ ಪೂಜಾಪೀಠದಲ್ಲಿರುವ ಫೋಟೋದಲ್ಲಿ ಬಾಯಿ ಬಿಗಿಹಿಡಿದುಕೊಂಡಿರುವ, ಸಣ್ಣ ಕಣ್ಣಿನ ಹೆಂಗಸು. ಚಂದ್ರನ ಸುದ್ದಿಯನ್ನು ನಾನು ಕೇಳಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅತ್ತೆ ಬೂದು ಬಣ್ಣದ ಒಳ್ಳೆಯ ಕಿಮೋನೋ ಉಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ನಡಿ, ಚಿಗುಸಾ. ನಮ್ಮಮ್ಮನ ಬಗ್ಗೆ ಅದೇನೇನು ಹೇಳ್ತಾರೋ ಕೇಳ್ಕೊಂಡು ಬರೋಣ.”

ಮೇಪಲ್ ಕೆಂಪಾಗುವ ಕಾಲ. ಗುಡ್ಡದ ಕೆಳಗಿನಿಂದಲೇ ಬಸ್ಸುಗಳ ಸಾಲು. ಎಲ್ಲರ ಹಾಗೆ ನಾವೂ ಸಾಲಿನಲ್ಲಿ ನಿಂತೆವು. ನಮ್ಮ ಗುಂಪಿಗೆ ಸಿಕ್ಕ ಮಾರ್ಗದರ್ಶಿ ಹಾಸೆಬೆ ಎಂಬವರು, ಹಿಂದೆ ಪೋಸ್ಟ್ ಮಾಸ್ತರರಾಗಿದ್ದವರು. ನಗುಮುಖದ ಮನುಷ್ಯ, ಬಿಡುವಿನಲ್ಲಿ ಸಂಬಳವಿಲ್ಲದೆ ಈ ಕೆಲಸ ಮಾಡುತ್ತಿದ್ದರು. ಅತ್ತೆ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಅತ್ತೆಯೂ ಹೇಳಲಿಲ್ಲ.

ಮೊದಲು ತೋಟ ತೋರಿಸಿದರು. ತೋಟ ಚೆನ್ನಾಗಿತ್ತು, ಅದರಲ್ಲಿ ಸುಳ್ಳು ಹೇಳುವುದು ಬೇಡ. ಕೊಳದ ನೀರಿನ ಮೇಲೆ ಎಲೆ ಬಿದ್ದು ತೇಲುತ್ತಿದ್ದವು. ಪಾಚಿಯ ಮೇಲೆ ಬಿದಿರಿನ ಗಿಡ್ಡ ಬೇಲಿ ಹಾಕಿ, ಒಳಗೆ ಕಾಲಿಡಬೇಡಿ ಎಂದು ಬರೆದಿದ್ದರು. ಕೊಳದ ಈಚೆ, ಮನೆಯ ಕಡೆ ದೊಡ್ಡದೊಂದು ಪೈನ್ ಮರ. ಹಿಮದ ಭಾರಕ್ಕೆ ಕೊಂಬೆ ಮುರಿಯದಿರಲೆಂದು ನೆತ್ತಿಯಿಂದ ಎಲ್ಲ ಕೊಂಬೆಗಳಿಗೂ ಹುಲ್ಲಿನ ಹಗ್ಗ ಬಿಗಿದು ಛತ್ರಿಯ ಹಾಗೆ ಮಾಡಿದ್ದರು. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಹಾಸೆಬೆ ಪುಟ್ಟ ಮೈಕ್ ಹಿಡಿದು ಹೇಳಿದರು: “ಈ ಮರ ಇಲ್ಲೇ ಬೆಳೆದಿದ್ದಲ್ಲ. ಮಹಡಿ ಮೇಲೆ ಸುಗಾದೇವಿಯವರ ಕೋಣೆ ಇದೆಯಲ್ಲ, ಅಲ್ಲಿಂದ ನೋಡಿದ್ರೆ ಚಂದ್ರ ಕೊಂಬೆ ಮಧ್ಯೆ ಏರಿ ಬರ್ಲಿ ಅಂತ, ಯಜಮಾನ್ರು ತೊಕುಜಿರೊ ಅವರು ಬೆಟ್ಟದಿಂದ ಇಡೀ ಮರಾನೇ ಹೊರಿಸ್ಕೊಂಡು ಬಂದು ನೆಡಿಸಿದ್ರು. ಹೆಂಡ್ತಿ ಮೇಲೆ ಅಷ್ಟು ಪ್ರೀತಿ.”

ಹೆಂಗಸರು ಕೆಲವರು ತಮ್ಮ ಗಂಡಂದಿರನ್ನು ಮೊಣಕೈಯಲ್ಲಿ ತಿವಿದು ನಕ್ಕರು. ಅತ್ತೆಯ ಮುಖ ನೋಡಿದೆ. ಅವರು ಮರವನ್ನು ನೋಡುತ್ತಿರಲಿಲ್ಲ. ಅದರ ಬುಡದಾಚೆ, ಕೊಳದ ಅಂಚಿಗೆ ಇದ್ದ ಒಂದು ಚಪ್ಪಟೆ ಕಲ್ಲನ್ನು ನೋಡುತ್ತಿದ್ದರು.

ಆಮೇಲೆ ಮಹಡಿ. ಚಪ್ಪಲಿ ಕಳಚಿ, ಒಬ್ಬರ ಹಿಂದೊಬ್ಬರು ಕಿರಿದಾದ ಮೆಟ್ಟಿಲು ಹತ್ತಿದೆವು. ಸಣ್ಣ ಕೋಣೆ, ಚಾಪೆ ಹೊಸದು, ಮೂಲೆಯಲ್ಲಿ ಒಂದು ಕಡ್ಡಿ ಹೂವು. ಕಿಟಕಿಗೆ ಮರದ ದಪ್ಪ ಜಾಲಂಧ್ರ, ಅದರಲ್ಲಿ ಮೊಲ ಮತ್ತು ಅಲೆಯ ಕೆತ್ತನೆ. ಸುಗಾದೇವಿಗೆ ಚಂದ್ರನೆಂದರೆ ಪ್ರಾಣ, ಯುದ್ಧ ಮುಗಿದ ಮೇಲಿನ ಮೂರು ಶರತ್ಕಾಲ ಆಕೆ ಈ ಕೋಣೆಯಿಂದ ಕೆಳಗಿಳಿಯಲೇ ಇಲ್ಲ, ಊಟವನ್ನೂ ಇಲ್ಲಿಗೇ ತರಿಸಿಕೊಳ್ಳುತ್ತಿದ್ದರು, ಇಬ್ಬನಿ ತಾಗಿ ನೆಗಡಿಯಾಗದಿರಲೆಂದು ಯಜಮಾನರು ಈ ಜಾಲಂಧ್ರ ಮಾಡಿಸಿದರು ಎಂದು ಹಾಸೆಬೆ ವರ್ಣಿಸಿದರು. ಅವರ ದನಿಯಲ್ಲಿ ಭಕ್ತಿಯೇ ಇತ್ತು. ಹ್ಯಾಟು ಹಾಕಿದ ಒಬ್ಬ ಹೆಂಗಸು, ಇಂಥ ಗಂಡ ಯಾರಿಗುಂಟು ಎಂದು ಪಕ್ಕದವಳಿಗೆ ಹೇಳಿ ಉಸಿರುಬಿಟ್ಟಳು.

ಅತ್ತೆ ಬಾಗಿಲ ಹತ್ತಿರ ನಿಂತಿದ್ದವರು ಕೈ ಎತ್ತಿದರು. “ಹಾಸೆಬೆಯವರೇ, ಒಂದು ಮಾತು ಕೇಳ್ಲಾ? ಈ ಬಾಗಿಲ ಚೌಕಟ್ಟಿನ ಹೊರಗಡೆ ಮರದ ಪುಡಿ ಮೆತ್ತಿ ಮುಚ್ಚಿರೋ ತೂತು ಇದೆಯಲ್ಲ, ಏನದು?”

“ಹಳೇ ಮನೆ ಅಲ್ವಾ ಅಮ್ಮಾ, ಗೆದ್ದಲು ಗಿದ್ದಲು ಹಿಡಿದಿರತ್ತೆ.”

“ಗೆದ್ದಲಲ್ಲ, ಚಿಲಕದ ತೂತು. ಚಂದ್ರನ್ನ ನೋಡೋರು ಒಳಗಿದ್ರೆ ಚಿಲಕ ಹೊರಗ್ಯಾಕಿರತ್ತೆ, ಹೇಳಿ.”

ನಾನು ಅತ್ತೆಯ ತೋಳು ಹಿಡಿದು ಹೊರಗೆ ಕರೆದೊಯ್ಯೋಣವೆಂದು ಒಂದು ಹೆಜ್ಜೆ ಮುಂದಿಟ್ಟೆ. ಅವರು ನನ್ನ ಕೈ ಸರಿಸಿ, ತಾನು ಈ ಮನೆಯ ಮಗಳೆಂದು ಹೇಳಿ, ಅಲ್ಲಿಯೇ ಚಾಪೆಯ ಮೇಲೆ ಮಂಡಿಯೂರಿ ಕೂತರು. ಹಿರಿಯರೊಬ್ಬರು ಕೂತ ಮೇಲೆ ಉಳಿದವರು ನಿಂತಿರುವುದು ಹೇಗೆ? ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಅವರು ದನಿ ಏರಿಸದೆ ಹೇಳಿದ್ದು ಇಷ್ಟು.

ಯುದ್ಧ ಮುಗಿದು ಹೊಸ ಕಾನೂನು ಬಂದಿತ್ತು. ಹೆಂಗಸೂ ತಾನಾಗಿ ಬಿಡುಗಡೆ ಕೇಳಬಹುದು ಎಂಬ ಸುದ್ದಿ ಈ ಮನೆಗೂ ಬಂತು. ತೊಕುಜಿರೊ ಇನ್ನೊಬ್ಬಳನ್ನು ಇಟ್ಟುಕೊಂಡಿದ್ದು ಊರಿಗೆಲ್ಲ ಗೊತ್ತಿದ್ದ ವಿಷಯ. ಸುಗಾ ಒಂದು ರಾತ್ರಿ ಊಟದ ಮುಂದೆ, ನನಗೆ ವಿಚ್ಛೇದನ ಬೇಕು, ಮಗಳನ್ನು ಕರೆದುಕೊಂಡು ನಾಗಾಓಕಾದ ತಂಗಿಯ ಮನೆಗೆ ಹೋಗುತ್ತೇನೆ ಎಂದು ಹೇಳಿದರು. ಗಂಡ ಕೈ ಎತ್ತಲಿಲ್ಲ, ಬೈಯಲೂ ಇಲ್ಲ. ತನ್ನ ಜೊತೆ ಕುಡಿಯುತ್ತಿದ್ದ ವೈದ್ಯನನ್ನು ಕರೆಸಿದ. ಹೆಂಡತಿಯ ತಲೆ ಕೆಟ್ಟಿದೆ ಎಂದು ವೈದ್ಯ ಹೇಳಿದ. ತಲೆ ಕೆಟ್ಟವರನ್ನು ಮನೆಯಲ್ಲೇ ಕೂಡಿಹಾಕಲು ಆಗಿನ್ನೂ ಕಾನೂನಿನ ಒಪ್ಪಿಗೆಯಿತ್ತು. ಬಡಗಿ ಬಂದು ಕಿಟಕಿಗೆ ಜಾಲಂಧ್ರ ಬಡಿದ, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ. ಇತ್ಸುಎಗೆ ಆಗ ಶಾಲೆಗೆ ಸೇರಿದ ಹೊಸತು.

“ಮೂರು ಶರತ್ಕಾಲ ಕೆಳಗಿಳೀಲಿಲ್ಲ ಅಂದ್ರಲ್ಲ” ಎಂದರು ಅತ್ತೆ. “ಇಳೀಲಿಲ್ಲ ಅಲ್ಲ, ಇಳಿಯೋಕೆ ಬಿಡಲಿಲ್ಲ. ಎರಡೂ ಒಂದೇನಾ ನಿಮಗೆ?”

ಮಹಡಿ ಹತ್ತಲು ಮಗುವಿಗೆ ಅಪ್ಪಣೆ ಇರಲಿಲ್ಲ. ಆದರೆ ಜಾಲಂಧ್ರದ ಸಂದಿನಿಂದ ಕೊಳದ ಅಂಚಿನ ಆ ಚಪ್ಪಟೆ ಕಲ್ಲು ಕಾಣುತ್ತಿತ್ತು. ಅದು ಹೇಗೋ ಗೊತ್ತಾಗಿ, ಶಾಲೆಯಿಂದ ಬಂದವಳೇ ಅವಳು ಅದರ ಮೇಲೆ ಹೋಗಿ ನಿಲ್ಲುತ್ತಿದ್ದಳು. ಬರೆದ ಚಿತ್ರವನ್ನು ಎತ್ತಿ ಹಿಡಿಯುತ್ತಿದ್ದಳು. ಬಾಯಿ ಅಗಲಿಸಿ ಬಿದ್ದ ಹಲ್ಲಿನ ಜಾಗ ತೋರಿಸುತ್ತಿದ್ದಳು. ಒಂದು ಸುತ್ತು ತಿರುಗಿ ಎಷ್ಟು ಎತ್ತರವಾಗಿದ್ದೇನೆ ನೋಡು ಎಂದು ನಿಲ್ಲುತ್ತಿದ್ದಳು. ಮೇಲಿನಿಂದ ಎರಡು ಬೆರಳು ಸಂದಿಯಿಂದ ಹೊರಬಂದು ಅಲ್ಲಾಡುತ್ತಿದ್ದವು. ತಾಯಿ ಮಗಳ ಮಾತುಕತೆ ಅಷ್ಟೇ. ಎರಡನೆಯ ವರ್ಷ ತಂದೆ ಅದನ್ನು ಕಂಡುಹಿಡಿದ. ಆಗ ಬಂದದ್ದು ಪೈನ್ ಮರ, ಸರಿಯಾಗಿ ಕಿಟಕಿಗೂ ಕಲ್ಲಿಗೂ ನಡುವೆ.

“ಆ ಮರಕ್ಕೆ ಪ್ರೀತಿ ಅಂತ ಹೆಸರಿಟ್ಟಿದೀರಿ ನೀವು” ಎಂದು ಅತ್ತೆ ಮಾತು ನಿಲ್ಲಿಸಿದರು.

ಹಾಸೆಬೆಯ ಕೈಯಲ್ಲಿದ್ದ ಮೈಕ್ ಇಳಿದಿತ್ತು. ಇದಕ್ಕೆ ಬೇರೆ ಬೇರೆ ಅಭಿಪ್ರಾಯಗಳಿವೆ ಎಂದೇನೋ ಅವರು ತೊದಲಿದರು. ಹ್ಯಾಟಿನ ಹೆಂಗಸು ಎದ್ದು ಉಡುಪಿನ ಸುಕ್ಕು ಸವರಿಕೊಳ್ಳುತ್ತ, “ಇಷ್ಟು ಚೆಂದದ ದಿನ, ಇಂಥದ್ದನ್ನೆಲ್ಲ ಯಾಕೆ ಕೆದಕ್ತಾರೋ” ಎಂದಳು, ನಮಗೆ ಕೇಳುವ ಹಾಗೆಯೇ. ಅಲ್ಲಿಯವರೆಗೆ ನನಗೆ ನಾಚಿಕೆಯೇ ಹೆಚ್ಚಾಗಿತ್ತು, ಜನರ ಮುಂದೆ ಅತ್ತೆ ಹೀಗೆ ಕೂತರಲ್ಲ ಎಂದು. ಆ ಮಾತು ಕೇಳಿದ ಮೇಲೆ ನಾಚಿಕೆ ಹೋಗಿ ಮೈ ಉರಿಯಿತು. ಮೆಟ್ಟಿಲ ಬಾಯಲ್ಲಿ ಅವಳಿಗೆ ದಾರಿ ಬಿಡದೆ ನಿಂತು, “ಕೆದಕಿದ್ದು ಅವರಲ್ಲ. ಡಬ್ಬಿ ಮೇಲೆ ಹಾಕಿ ಮಾರ್ತಿರೋರು” ಎಂದೆ. ಅವಳು ನನ್ನ ಪಕ್ಕದಿಂದ ನುಸುಳಿಕೊಂಡು ಇಳಿದು ಹೋದಳು.

ಸುದ್ದಿ ಕೆಳಗೆ ಮುಟ್ಟಿತ್ತು. ಬಂಗಲೆಯ ಮೇಲ್ವಿಚಾರಕಿ ತೊಗಾಶಿ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಸೊಂಟ ಬಗ್ಗಿಸಿ ಬಗ್ಗಿಸಿ ನಮಸ್ಕರಿಸುತ್ತ ನಮ್ಮನ್ನು ಕಚೇರಿಗೆ ಕರೆದೊಯ್ದು ಚಹಾ ಕೊಟ್ಟಳು. ಅವಳು ಒರಟಾಗಿ ಮಾತಾಡಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಪ್ರತಿಯೊಂದು ವಾಕ್ಯಕ್ಕೂ ಮೆತ್ತೆ ಹಾಕಿ ಹಾಕಿ ಇಡುತ್ತಿದ್ದಳು. ತಮ್ಮ ನೋವು ನಮಗೆ ಸಂಪೂರ್ಣ ಅರ್ಥವಾಗುತ್ತದೆ, ಆದರೆ ಈ ಕಥೆ ಮನೆತನದ ಹಿರಿಯ ಮಗ ಹರುಓಮಿಯವರೇ ಹೇಳಿದ್ದು, ಅವರೇ ಇಲ್ಲಿಯ ಗೌರವಾಧ್ಯಕ್ಷರು, ಮುಂದಿನ ವರ್ಷದ ಚಂದ್ರೋತ್ಸವಕ್ಕೆ ತಾವೂ ಬಂದು ಮೊದಲ ದೀಪ ಹಚ್ಚಿದರೆ ನಮಗೆಲ್ಲ ಹೆಮ್ಮೆ ಎಂದಳು.

“ಕಥೆ ಸ್ವಲ್ಪ ಮೃದುವಾಗಿದ್ರೆ ಜನ ಬರ್ತಾರೆ” ಎಂದಳು ಕೊನೆಗೆ. “ಜನ ಬಂದ್ರೆ ತಾನೆ ಈ ಮನೆ ಉಳಿಯೋದು?”

“ಈ ಮನೆ ಉಳೀಲಿ ಅಂತ ನಾನ್ಯಾವತ್ತು ಹೇಳಿದೆ?” ಎಂದರು ಅತ್ತೆ.

ಅತ್ತೆ ಚಹಾ ಮುಟ್ಟದೆ ಎದ್ದರು. ಮನೆಗೆ ಹೊರಟರು ಎಂದುಕೊಂಡೆ. ಅವರು ಹೋದದ್ದು ತೋಟಕ್ಕೆ. ಬಿದಿರಿನ ಬೇಲಿಯ ಮುಂದೆ ಒಂದು ಕ್ಷಣ ನಿಂತು, ಕಿಮೋನೋದ ಅಂಚನ್ನು ಎತ್ತಿಕೊಂಡು, ಅದನ್ನು ದಾಟಿದರು. ಪಾಚಿಯ ಮೇಲೆ ಹೆಜ್ಜೆ ಊರಿ ನಡೆದು ಆ ಕಲ್ಲಿನ ಮೇಲೆ ಹೋಗಿ ನಿಂತರು. ಎಪ್ಪತ್ತು ದಾಟಿದ ಹೆಂಗಸು ಮಂಡಿನೋವಿನ ಕಾಲಿನಲ್ಲಿ. ನಾನು ಬೇಲಿಯ ಈಚೆಯೇ ಉಳಿದೆ. ಅಲ್ಲಿಗೆ ಹೋಗುವ ಹಕ್ಕು ನನ್ನದಲ್ಲ ಅನಿಸಿತು.

ಕಾವಲುಗಾರ ಓಡಿಬಂದು, ಅಜ್ಜಿ, ಅಲ್ಲಿ ನಿಲ್ಲುವ ಹಾಗಿಲ್ಲ ಎಂದ. ಅತ್ತೆ ತಿರುಗಿ ನೋಡಲಿಲ್ಲ. ಅವರು ತಲೆ ಎತ್ತಿ ಮಹಡಿಯ ಕಡೆ ನೋಡುತ್ತಿದ್ದರು. ಅಲ್ಲಿಂದ ಕಾಣುತ್ತಿದ್ದದ್ದು ಹಗ್ಗ ಬಿಗಿದ ಕೊಂಬೆಗಳು ಮಾತ್ರ. ಜನ ಗುಂಪುಗೂಡಿದರು, ಕೆಲವರು ಫೋಟೋ ತೆಗೆದರು. ತೋಟದ ಮೂಲೆಯ ಚಹಾಮಂದಿರದ ಕಡೆಯಿಂದ ಕೋಲೂರಿಕೊಂಡು ಒಬ್ಬ ಮುದುಕರು ಬಂದರು, ಮನೆತನದ ಲಾಂಛನವಿರುವ ಕಪ್ಪು ಮೇಲಂಗಿ ತೊಟ್ಟವರು. ಅವರನ್ನು ನಾನು ಶ್ರಾದ್ಧಗಳಲ್ಲಿ ಒಂದೆರಡು ಸಲ ಕಂಡಿದ್ದೆ. ಹರುಓಮಿ, ಅತ್ತೆಯ ಅಣ್ಣ.

“ಇತ್ಸುಎ, ಇಳಿ. ಎಲ್ಲರೂ ನೋಡ್ತಿದಾರೆ.”

“ನೋಡ್ಲಿ ಅಂತಾನೇ ನಿಂತಿರೋದು. ಅಣ್ಣ, ನೀನು ಯಾವ ಬಾಯಲ್ಲಿ ಹೇಳಿದೆ ಅದನ್ನ? ಊಟದ ತಟ್ಟೆ ಮಹಡಿಗೆ ತಗೊಂಡು ಹೋಗ್ತಿದ್ದೋನು ನೀನು. ಚಿಲಕ ತೆಗೆದು, ತಟ್ಟೆ ಒಳಗಿಟ್ಟು, ಮತ್ತೆ ಹಾಕ್ತಿದ್ದೋನು ನೀನು.”

ಮುದುಕರು ಕೋಲನ್ನು ಪಾಚಿಗೆ ಒತ್ತಿ ಊರಿದರು. ಸಿಟ್ಟಿನಲ್ಲಿ ಏನೋ ಹೇಳುತ್ತಾರೆಂದುಕೊಂಡೆ. ಅವರು ಸಣ್ಣ ದನಿಯಲ್ಲಿ, “ಚಂದ್ರ ಚೆನ್ನಾಗಿ ಕಾಣ್ತಾನೆ, ಬಾ ನೋಡು ಅಂತ ಅಮ್ಮ ನನಗೆ ಒಂದ್ಸಲ ಅಂದಿದ್ದು ನಿಜ” ಎಂದರು. “ಅದಕ್ಕೇ ಹೇಳಿದೆ. ನಾನಾಗ ಹುಡುಗ. ಅಮ್ಮನಿಗೆ ಹುಷಾರಿಲ್ಲ ಅಂತ ಅಪ್ಪ ಹೇಳಿದ್ರು, ನಂಬಿದೆ. ಈ ವಯಸ್ಸಲ್ಲಿ ಇನ್ನೇನು ನಂಬ್ಲಿ? ಹೀಗೇ ನಂಬ್ಕೊಂಡು ಸತ್ತು ಹೋಗ್ತೀನಿ, ಬಿಟ್ಬಿಡು.”

“ನಂಬ್ಕೊಂಡು ಸಾಯಿ, ನಾನು ಬೇಡ ಅನ್ನಲ್ಲ. ಟಿಕೆಟ್ ಇಟ್ಟು ಮಾರಬೇಡ. ನಿನ್ನನ್ನ ಒಳಗೆ ಕರೆದಿದ್ದು ಚಂದ್ರನ್ನ ನೋಡೋಕೆ ಅಂದ್ಕೊಂಡಿದ್ಯಾ? ನೀನು ಒಳಗೆ ಬಂದ್ರೆ ಬಾಗಿಲು ತೆರೆದಿರತ್ತಲ್ಲ ಅಂತ.”

ಈ ಮಾತು ಹರುಓಮಿಯವರಿಗೆ ಎಂದೂ ಹೊಳೆದಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಕೋಲು ಪಾಚಿಯಲ್ಲಿ ಹೂತುಕೊಂಡಿತ್ತು, ಅದನ್ನು ಕೀಳಲು ಎರಡು ಸಲ ಎಳೆದರು. ಆಮೇಲೆ ತಿರುಗಿ ಚಹಾಮಂದಿರಕ್ಕೂ ಹೋಗದೆ ನೇರ ಹೆಬ್ಬಾಗಿಲಿನ ಕಡೆ ನಡೆದುಹೋದರು. ನನಗೆ ಆ ಮುದುಕರ ಮೇಲೆ ಒಂದು ಗಳಿಗೆ ಕನಿಕರ ಬಂತು. ಕಾರಿನಲ್ಲಿ ಅದನ್ನು ಹೇಳಿಬಿಟ್ಟೆ. ಅತ್ತೆ ಕಿಟಕಿಯ ಹೊರಗೆ ನೋಡುತ್ತಲೇ, “ಕನಿಕರ ಇರ್ಲಿ. ನನಗೂ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ” ಎಂದರು.

ಸುಗಾ ಹೊರಬಂದದ್ದು ಹೇಗೆ ಎಂದು ಆ ದಾರಿಯಲ್ಲೇ ನನಗೆ ತಿಳಿದದ್ದು. ಮನೆಯಲ್ಲಿ ಕೂಡಿಹಾಕಬಾರದು ಎಂದು ಸರ್ಕಾರ ಹೊಸ ಕಾನೂನು ಮಾಡಿದ ವಸಂತದಲ್ಲಿ ಚಿಲಕ ತೆಗೆದರಂತೆ. ಆಕೆ ಯಾರಿಗೂ ಒಂದು ಮಾತು ಹೇಳದೆ ಮೆಟ್ಟಿಲಿಳಿದು, ತೋಟ ದಾಟಿ, ರೈಲು ನಿಲ್ದಾಣಕ್ಕೆ ನಡೆದರು. ಮಗಳನ್ನು ಕೊಡಲಿಲ್ಲ. ಇತ್ಸುಎ ಮದುವೆಯ ವಯಸ್ಸಿಗೆ ಬರುವವರೆಗೆ ತಾಯಿಯನ್ನು ಕದ್ದು ಹೋಗಿ ನೋಡಿ ಬರಬೇಕಾಯಿತು. ನಾಗಾಓಕಾದ ಆ ಬಾಡಿಗೆ ಮನೆಯಲ್ಲಿ, ಊರೆಲ್ಲ ಚಂದ್ರನಿಗೆ ಉಂಡೆ ಇಟ್ಟು ಕೂರುವ ಹುಣ್ಣಿಮೆಯ ಸಂಜೆ, ಸುಗಾ ಕಿಟಕಿಗಳ ಹೊರಗಿನ ಮರದ ಮಳೆಬಾಗಿಲುಗಳನ್ನೆಲ್ಲ ಎಳೆದು ಮುಚ್ಚಿ ದೀಪದಲ್ಲಿ ಹೊಲಿಯುತ್ತಿದ್ದರಂತೆ.

ಮರುದಿನ ಅತ್ತೆ ಮೊದಲು ಹೋದದ್ದು ಸಿಹಿತಿಂಡಿಯ ಅಂಗಡಿಗೆ. ಅಂಗಡಿಯಾಕೆ ಇಡೀ ಕಥೆಯನ್ನು ಕೌಂಟರಿನ ಹಿಂದೆ ನಿಂತು ಕೇಳಿ, ಈಚೆ ಬಂದು, ನೆಲಕ್ಕೆ ತಲೆ ಮುಟ್ಟುವಷ್ಟು ಬಗ್ಗಿ ಕ್ಷಮೆ ಕೇಳಿದಳು. ಆ ವಾರದಲ್ಲೇ ಡಬ್ಬಿಗಳ ಮೇಲಿನ ಹೆಸರು ಹೋಯಿತು. ಮಂಜೂ ಮಾರುವವಳಿಗೆ ನಿಂತ ನಿಲುವಿನಲ್ಲಿ ಅರ್ಥವಾದದ್ದು ಊರಿನ ಕಚೇರಿಗೆ ಅರ್ಥವಾಗಲು ಎರಡು ಚಳಿಗಾಲ ಹಿಡಿಯಿತು. ಸಭೆ ಸೇರಬೇಕು, ತಜ್ಞರನ್ನು ಕೇಳಬೇಕು, ಮನೆತನದ ಒಪ್ಪಿಗೆ ಬೇಕು. ಅಷ್ಟರಲ್ಲಿ ಹರುಓಮಿ ಗೌರವಾಧ್ಯಕ್ಷ ಸ್ಥಾನ ಬಿಟ್ಟರು. ಆರೋಗ್ಯ ಸರಿಯಿಲ್ಲವೆಂದು ಕಾರಣ ಕೊಟ್ಟರು. ತಾನು ಹೇಳಿದ್ದು ಸುಳ್ಳು ಎಂದು ಮಾತ್ರ ಎಲ್ಲಿಯೂ ಹೇಳಲಿಲ್ಲ.

ಆ ಎರಡು ವರ್ಷ ಅತ್ತೆ ಸುಮ್ಮನಿರಲಿಲ್ಲ. ಬಿಡುವಾದಾಗಲೆಲ್ಲ ಟಿಕೆಟ್ ಕೊಂಡು, ಯಾವುದಾದರೊಂದು ಗುಂಪಿನ ಬಾಲಕ್ಕೆ ಸೇರಿ ಮಹಡಿ ಹತ್ತುತ್ತಿದ್ದರು. ಮಾರ್ಗದರ್ಶಿ ಹೇಳಿ ಮುಗಿಸಿದ ಮೇಲೆ, “ಇನ್ನು ನಾನು ಹೇಳ್ತೀನಿ” ಎಂದು ಕೂತುಬಿಡುತ್ತಿದ್ದರು. ಟಿಕೆಟ್ ಕೊಂಡವರನ್ನು ತಡೆಯುವುದು ಹೇಗೆಂದು ತೊಗಾಶಿಗೆ ತಿಳಿಯಲಿಲ್ಲ. ಮಂಡಿನೋವಿನ ದಿನ ನಾನು ಜೊತೆಗೆ ಹೋಗುತ್ತಿದ್ದೆ. ನನ್ನ ಗಂಡ, ಅಮ್ಮನಿಗೆ ನೀನಾದರೂ ಬುದ್ಧಿ ಹೇಳು ಎಂದ. ನಿಮ್ಮ ಅಜ್ಜಿಯ ವಿಷಯ, ನೀವೂ ಒಂದು ಸಲ ಬನ್ನಿ ಎಂದೆ. ಅವನು ಬಂದ. ಆಮೇಲೆ ಬುದ್ಧಿಯ ಸುದ್ದಿ ಎತ್ತಲಿಲ್ಲ. ಮೊದಲು ಬದಲಾದವರು ಹಾಸೆಬೆ. ಕಚೇರಿ ಬರೆದುಕೊಟ್ಟ ಮಾತು ಇದು, ನಿಜ ಇವರು ಹೇಳುತ್ತಾರೆ ಎಂದು ತಾವೇ ಅತ್ತೆಗೆ ಮೆತ್ತೆ ಹಾಕಿಕೊಡತೊಡಗಿದರು.

ಕೊನೆಗೆ ಫಲಕ ಬಂತು. ಹಳೆಯದನ್ನು ತೆಗೆದು ಹೊಸದು ಹಾಕಿದ್ದೇವೆ ಎಂದು ತೊಗಾಶಿ ಫೋನ್ ಮಾಡಿದಳು. ನಾವು ಹೋಗಿ ಹುಡುಕಿದೆವು. ಕೋಣೆಯಲ್ಲಿರಲಿಲ್ಲ. ಕೆಳಗೆ ಚಪ್ಪಲಿ ಗೂಡಿನ ಪಕ್ಕದಲ್ಲಿ, ಮೊಣಕಾಲಿನ ಎತ್ತರಕ್ಕೆ ಇತ್ತು. ಅತ್ತೆ ಬಗ್ಗಿ ಓದಿದರು: ‘ಯುದ್ಧಾನಂತರದ ಕೆಲವು ಕಾಲ ಕುರಾಮೊಚಿ ಸುಗಾ ಅವರನ್ನು ಮಹಡಿಯ ಕೋಣೆಯಲ್ಲಿ ಇರಿಸಲಾಗಿತ್ತು.’

ಸೊಂಟ ನೆಟ್ಟಗೆ ಮಾಡಿಕೊಂಡು ಅವರು ತೊಗಾಶಿಯನ್ನು ಕೇಳಿದರು: “ಇರಿಸಲಾಗಿತ್ತು. ಯಾರು ಇರಿಸಿದ್ದು, ಗಾಳೀನಾ?”

ಮತ್ತೆ ಸಭೆ, ಮತ್ತೆ ಒಂದು ಚಳಿಗಾಲ. ಈಗ ಫಲಕ ಕೋಣೆಯ ಬಾಗಿಲಲ್ಲೇ ಇದೆ. ಮರದ ಪುಡಿ ಕೆರೆದು ತೆಗೆದು, ಚಿಲಕದ ತೂತನ್ನು ತೆರೆದು ಬಿಟ್ಟಿದ್ದಾರೆ. ಸುಗಾ ವಿಚ್ಛೇದನ ಕೇಳಿದ್ದಕ್ಕೆ ಆಕೆಯ ಗಂಡ ಕುರಾಮೊಚಿ ತೊಕುಜಿರೊ ಆಕೆಯನ್ನು ಇಲ್ಲಿ ಕೂಡಿಹಾಕಿದನು ಎಂದು ಬರೆದಿದೆ. ಪೈನ್ ಮರದ ಬಗ್ಗೆಯೂ ಒಂದು ಸಾಲು ಇದೆ. ಮರವನ್ನು ಕಡಿಸಬೇಕೇ ಎಂದು ತೊಗಾಶಿ ಕೇಳಿದ್ದಳು. ಮರ ಏನು ಮಾಡಿತು ಪಾಪ, ಅದನ್ನೂ ಹೊತ್ತು ತಂದದ್ದೇ ಅಲ್ಲವೇ ಎಂದು ಅತ್ತೆ ಬೇಡವೆಂದಿದ್ದರು. ಹರುಓಮಿ ಅದನ್ನು ಓದಲು ಉಳಿಯಲಿಲ್ಲ. ಅವರ ಶವದ ಮುಂದೆ ಅತ್ತೆ ಧೂಪ ಇಟ್ಟು ಬಹಳ ಹೊತ್ತು ಕೂತಿದ್ದರು. ಅಳಲಿಲ್ಲ.

ಮೊನ್ನೆ ಸಂಜೆ ನಾನು ಮೀನು ಸುಡುತ್ತಿದ್ದಾಗ ಅತ್ತೆಗೆ ಹಾಸೆಬೆಯ ಫೋನ್ ಬಂತು. ಈಗಲೂ ಕೆಲವು ಪ್ರವಾಸಿಗಳು ಬಂದು, ಆ ಹಿಂದಿನ ಚಂದ್ರನ ಕಥೆಯೇ ಚೆನ್ನಾಗಿತ್ತು, ಅದನ್ನೇ ಹೇಳಿ ಎನ್ನುತ್ತಾರಂತೆ, ಅವರಿಗೆ ಏನು ಉತ್ತರ ಕೊಡಲಿ ಎಂದು ಕೇಳಿದರು.

“ಅಂಥೋರಿಗೆ ತೋಟ ತೋರಿಸಿ ಕಳಿಸಿ” ಎಂದರು ಅತ್ತೆ. “ಮಹಡಿ ಹತ್ತಿಸಬೇಡಿ.”

ಫೋನ್ ಇಟ್ಟವರು ಅಡುಗೆಮನೆಯಲ್ಲಿ ನನ್ನ ಪಕ್ಕ ಬಂದು ನಿಂತು, ಕೇಳ್ತಾರಂತೆ, ಇನ್ನೂ ಕೇಳ್ತಾರಂತೆ ಎಂದು ಮತ್ತೆ ಮತ್ತೆ ಹೇಳಿದರು. ನಾನೂ ಅವರ ಜೊತೆ ಸೇರಿ ಆ ಜನರನ್ನು ಬಯ್ಯುತ್ತ ನಿಂತೆ. ಮೀನು ಒಂದು ಕಡೆ ಪೂರ್ತಿ ಕರಕಲಾಯಿತು. ಅದನ್ನೇ ತಿಂದೆವು.